ಕೈಪಿಡಿಯೊಳಗೆ ಉಮ್ಮನ ಹಜ್ಜು

ಜುಬೈಲ್ ಕ್ಯಾಂಪ್
20 ಜೂನ್ 1986, ಶುಕ್ರವಾರ

ಪ್ರೀತಿಯ ಉಮ್ಮಾ,

ಅಸ್ಸಲಾಮು ಅಲೈಕುಂ. ಮೊದಲು ನಿಮ್ಮ ಮೊಣಕಾಲಿನ ಸುದ್ದಿ ಬರೆಸಿ. "ಪರವಾಗಿಲ್ಲ" ಎಂದು ಮಾತ್ರ ಬರೆಸಬೇಡಿ, ಕಾಲು ಮುರಿದರೂ ನೀವು ಹೇಳುವುದು ಅದನ್ನೇ. ಡಾಕ್ಟರು ಕೊಟ್ಟ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀರೋ ಅಥವಾ ಅದನ್ನೂ ಹಜ್ಜಿಗೆಂದು ಪೆಟ್ಟಿಗೆಯಲ್ಲಿ ಇಟ್ಟಾಯಿತೋ? ಮೊಯಿದಿನಬ್ಬ ಮಾಮನ ಕೆಮ್ಮು ಹೇಗಿದೆ? ನಾನಂತೂ ಗಟ್ಟಿಯಾಗಿದ್ದೇನೆ. ಹೊರಗೆ ಬಸ್ಸಿನ ಕಂಬಿ ಮುಟ್ಟಿದರೆ ಕೈ ಸುಡುವಂಥ ಬಿಸಿಲು, ಒಳಗೆ ಕಂಪ್ಯೂಟರುಗಳಿಗೆ ಸೆಕೆಯಾಗಬಾರದೆಂದು ಹಲ್ಲು ಕಟಕಟ ಎನ್ನುವಷ್ಟು ಏಸಿ. ತಂಗಿ ಶಂಸುನ್ನಿಸಾ ಹೆಣೆದ ಸ್ವೆಟರನ್ನು ಅರಬಸ್ತಾನದಲ್ಲಿ ಯಾಕೆ ಎಂದು ಊರೆಲ್ಲ ನಕ್ಕಿತಲ್ಲ, ದಿನವೂ ಅದನ್ನೇ ಹಾಕಿಕೊಂಡು ಕೂತಿರುತ್ತೇನೆ. ಶಂಸು, ಈ ಸಾಲನ್ನು ಉಮ್ಮನಿಗೆ ಎರಡು ಸಲ ಓದಿ ಹೇಳು.

ಹಡಗಿನಲ್ಲಿ ನಿಮಗೂ ಮಾಮನಿಗೂ ಜಾಗ ಸಿಕ್ಕಿತೆಂಬ ಪತ್ರ ಪೆರ್ನಾಲ್ ಹಬ್ಬದ ಮರುದಿನ ಕೈಸೇರಿತು. ಓದಿದ ಮೇಲೆ ಎಷ್ಟೋ ಹೊತ್ತು ಮಂಚದ ಮೇಲೆ ಸುಮ್ಮನೆ ನಗುತ್ತಾ ಕೂತಿದ್ದೆ. ಅಲ್‌ಹಮ್ದುಲಿಲ್ಲಾ. ಹಜ್ಜಿಗೆ ಹೊರಡುವ ಮೊದಲು ಮನೆಮನೆಗೆ ಹೋಗಿ ತಪ್ಪಾಗಿದ್ದರೆ ಮನ್ನಿಸಿ ಎಂದು ಕೇಳುತ್ತಿದ್ದೀರಂತೆ. ಮೀನಿನ ವಾರಿಜಾಬಾಯಿಯ ಮನೆಗೂ ಹೋಗಿ ಇಬ್ಬರೂ ಕೈಹಿಡಿದುಕೊಂಡು ಅತ್ತಿರಂತೆ, ಮರುದಿನ ಅದೇ ಅಂಗಳದಲ್ಲಿ ಬಂಗುಡೆ ಬಾಡಿದೆ ಎಂದು ಜಗಳವಂತೆ. ಶಂಸು ಎಲ್ಲ ಬರೆದಿದ್ದಾಳೆ. ಇನ್ನೊಂದು ಸಲ ಅವರ ಮನೆಗೆ ಹೋಗಿ ಬನ್ನಿ ಉಮ್ಮಾ, ಹೊಸ ಜಗಳಕ್ಕೆ ಹೊಸ ಕ್ಷಮೆ ಬೇಕಾಗುತ್ತದೆ.

ನಾನು ಇಲ್ಲಿ ಎಂತ ಕೆಲಸ ಮಾಡುವುದೆಂದು ಪ್ರತಿ ಪತ್ರದಲ್ಲೂ ಕೇಳುತ್ತೀರಿ, ನಾನು ಪ್ರತಿ ಸಲವೂ ಟೈಪಿಂಗ್ ಎಂದು ಬರೆದು ಜಾರಿಕೊಳ್ಳುತ್ತೇನೆ. ಈ ಸಲ ಸರಿಯಾಗಿ ಹೇಳಲೇಬೇಕು, ಯಾಕೆಂದರೆ ಈ ಸಲದ ಕೆಲಸದೊಳಗೆ ನೀವೇ ಬಂದು ಕೂತಿದ್ದೀರಿ. ನಮ್ಮ ಕಂಪೆನಿಯಲ್ಲಿ ರಿಪೋರ್ಟುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಪರದೆಯ ಮೇಲೆ ಬರೆಯಲು, ಅಳಿಸಲು, ತಿದ್ದಲು ಒಂದು ಪ್ರೋಗ್ರಾಮ್ ಇದೆ, ಅದಕ್ಕೆ ಎಡಿಟರ್ ಎನ್ನುತ್ತಾರೆ. ಈ ಎಡಿಟರಿಗೆ ಲಿಸ್ಪ್ ಎಂಬ ಭಾಷೆಯಲ್ಲಿ ಕೆಲಸ ಹೇಳಬೇಕು. ಒಂದೊಂದು ಕೆಲಸಕ್ಕೆ ಒಂದೊಂದು ಫಂಕ್ಷನ್. ಸಾಲು ಅಳಿಸುವುದಕ್ಕೆ ಒಂದು, ಪದ ಹುಡುಕುವುದಕ್ಕೆ ಒಂದು, ಹೀಗೆ ನೂರಾರು. ಲಿಸ್ಪಿನಲ್ಲಿ ಬರೆದದ್ದನ್ನೆಲ್ಲ ಕಂಸದೊಳಗೆ ಹಾಕಬೇಕು, ಆ ಕಂಸದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ನೀವು ಪ್ರಯಾಣಕ್ಕೆ ಕಟ್ಟುವ ಹಾಗೆ, ಉಪ್ಪಿನಕಾಯಿಯ ಡಬ್ಬಿ ಅವಲಕ್ಕಿಯ ಡಬ್ಬಿಯೊಳಗೆ, ಅದು ಅಕ್ಕಿಯ ಡಬ್ಬಿಯೊಳಗೆ. ಒಂದು ಮುಚ್ಚಳ ಮರೆತರೆ ಎಲ್ಲ ಚೆಲ್ಲಿತು. ಉಳಿದವರಿಗೆ ಇದನ್ನು ಕಲಿಯಲು ತಿಂಗಳು ಹಿಡಿಯಿತು, ನಾನು ಚಿಕ್ಕಂದಿನಿಂದಲೇ ನೋಡಿದವನು.

ಯಾವ ಫಂಕ್ಷನ್ನಿಗೆ ಏನು ಕೊಡಬೇಕು, ಅದು ಏನು ಮಾಡುತ್ತದೆ, ಕೊನೆಗೆ ಏನು ಉತ್ತರ ಹೇಳುತ್ತದೆ ಎಂಬುದಕ್ಕೆಲ್ಲ ಒಂದು ದಪ್ಪ ಕೈಪಿಡಿ ಇದೆ. ಅಮೆರಿಕದಿಂದ ಟೇಪಿನಲ್ಲಿ ಹೊಸ ಎಡಿಟರ್ ಬಂದಾಗ ಕೈಪಿಡಿ ಹಳತಾಯಿತು. ಕೆಲವು ಫಂಕ್ಷನ್ನುಗಳು ಸ್ವಭಾವ ಬದಲಿಸಿಕೊಂಡಿದ್ದವು, ಕೆಲವು ಮಾಯವೇ ಆಗಿದ್ದವು. ಮನಿಲಾದ ಆರ್ತುರೊ ಎಂಬ ನನ್ನ ಜೊತೆಗಾರ ಹೊಸದನ್ನು ಪರೀಕ್ಷೆ ಮಾಡುವಾಗ ಹಳೆಯ ಪುಸ್ತಕ ನಂಬಿ ಒಂದು ಪ್ಯಾರಾ ಅಳಿಸಲು ಹೋಗಿ ಅರ್ಧ ರಿಪೋರ್ಟನ್ನೇ ಅಳಿಸಿ, ತಲೆಯ ಮೇಲೆ ಕೈಹೊತ್ತು ಕೂತ. ಅಂದೇ ನಮ್ಮ ಮೇಲಧಿಕಾರಿ ಉಸ್ತಾದ್ ತಾಹಿರ್ ಆ ಪುಸ್ತಕವನ್ನು ತಂದು ನನ್ನ ಮೇಜಿನ ಮೇಲೆ ಇಟ್ಟರು. ಊರಿನ ಮದ್ರಸದ ಉಸ್ತಾದ್ ಅಲ್ಲ ಉಮ್ಮಾ, ಇವರು ಸುಡಾನಿನ ಇಂಜಿನಿಯರ್, ಗೌರವದಿಂದ ಎಲ್ಲರೂ ಹಾಗೆ ಕರೆಯುವುದು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಚಹಾದಲ್ಲಿ ಚಮಚ ನಿಲ್ಲುವಷ್ಟು ಸಕ್ಕರೆ. ಅವರದು ಎರಡೇ ನಿಯಮ. ಯಾವ ವಿವರಣೆಯೇ ಆಗಲಿ, ಮೊದಲ ಸಾಲಿನಲ್ಲೇ ವಿಷಯ ಬರಬೇಕು. ಪ್ರತಿ ಫಂಕ್ಷನ್ನಿಗೂ ಒಂದು ಉದಾಹರಣೆ ಬೇಕು, ಅದನ್ನು ಯಂತ್ರದಲ್ಲಿ ನಡೆಸಿ ನೋಡಿಯೇ ಬರೆಯಬೇಕು.

ಹಳೆಯ ಪುಸ್ತಕದ ಉದಾಹರಣೆಗಳಲ್ಲಿ ಇದ್ದದ್ದು ಅರ್ಥವಿಲ್ಲದ ಅಕ್ಷರಗಳು. ಒಬ್ಬ ಮನುಷ್ಯ ನಿಜವಾಗಿ ಬರೆಯುವಂಥ ವಾಕ್ಯ ಹಾಕು ಎಂದರು ಉಸ್ತಾದ್. ನಿಜವಾದ ವಾಕ್ಯ ಎಂದರೆ ನನ್ನ ತಲೆಯಲ್ಲಿ ಆಗ ಇದ್ದದ್ದು ಒಂದೇ. ಒಂದು ಪದದ ಬದಲು ಇನ್ನೊಂದನ್ನು ಹಾಕುವ ಫಂಕ್ಷನ್ನಿಗೆ "ಉಮ್ಮ ಬೊಂಬಾಯಿಯಲ್ಲಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಬೊಂಬಾಯಿ ತೆಗೆದು ಜೆಡ್ಡಾ ಹಾಕು ಎಂದೆ. ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ನೀವು ಸಮುದ್ರ ದಾಟಿಯಾಯಿತು, ವಾಂತಿಯಿಲ್ಲ, ತಲೆಸುತ್ತಿಲ್ಲ. ಸಾಲು ಅಳಿಸುವ ಫಂಕ್ಷನ್ನಿಗೆ ನಿಮ್ಮ ಪೆಟ್ಟಿಗೆಯ ಸಾಮಾನುಗಳನ್ನೆಲ್ಲ ಬರೆದು ಅದರಿಂದ ತೆಂಗಿನಕಾಯಿಯ ಸಾಲು ತೆಗೆಸಿದೆ. ಇದು ಉದಾಹರಣೆಗೆ ಮಾತ್ರ ಎಂದುಕೊಳ್ಳಬೇಡಿ, ನಿಜಕ್ಕೂ ತೆಂಗಿನಕಾಯಿ ತರಬೇಡಿ ಉಮ್ಮಾ, ಮಕ್ಕಾದಲ್ಲಿ ಅಂಗಡಿಗಳಿವೆ. ಕೊನೆಗೆ ವಾಕ್ಯ ಸೇರಿಸುವ ಅಪ್ಪೆಂಡ್ ಎಂಬ ಫಂಕ್ಷನ್ನಿಗೆ "ಝಂಝಂ ನೀರಿನೊಂದಿಗೆ ಊರಿಗೆ ಮರಳಿದರು" ಎಂದು ಸೇರಿಸಿದೆ. ಹೀಗೆ ಬರೆಯುತ್ತಾ ಹೋದ ಹಾಗೆ ಕೆಲಸವೆಂದೇ ಅನ್ನಿಸಲಿಲ್ಲ, ನಿಮ್ಮ ಪಕ್ಕದಲ್ಲೇ ಚೀಲ ಹೊತ್ತು ನಡೆಯುತ್ತಿದ್ದ ಹಾಗಿತ್ತು.

ಆದರೆ ನಾನು ಒಂದು ವಿಷಯ ಮರೆತಿದ್ದೆ. ಕೈಪಿಡಿಯಲ್ಲಿ ಫಂಕ್ಷನ್ನುಗಳು ಬರುವುದು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ, ನಾನು ಬರೆದ ಕ್ರಮದಲ್ಲಿ ಅಲ್ಲ. ಹೋದ ವಾರ ಉಸ್ತಾದ್ ಪುಟಗಳನ್ನು ಮೊದಲಿಂದ ಓದತೊಡಗಿದರು. ಆರಂಭದ ಪುಟದಲ್ಲೇ ನೀವು ಹಜ್ಜು ಮುಗಿಸಿ ಊರಿಗೆ ಮರಳಿದಿರಿ. ಆಮೇಲೆ ಪೆಟ್ಟಿಗೆ ಕಟ್ಟಿದಿರಿ. ಅದಾಗಿ ಎಷ್ಟೋ ಪುಟಗಳ ಮೇಲೆ ಬೊಂಬಾಯಿಯಿಂದ ಹೊರಟಿರಿ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ಕರೆದು, "ಈ ಉಮ್ಮ ಯಾರು? ಹಜ್ಜು ಮುಗಿಸಿದವರು ಮತ್ತೆ ಯಾಕೆ ತೆಂಗಿನಕಾಯಿ ಹೊರುತ್ತಿದ್ದಾರೆ?" ಎಂದು ಕೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮ ಉಮ್ಮ, ಮುಂದಿನ ತಿಂಗಳು ಹೊರಡುತ್ತಾರೆ ಎಂದೆ. ಎಲ್ಲವನ್ನೂ ತೆಗೆದು ಬೇರೆ ಬರೆಯುತ್ತೇನೆ ಎಂದೂ ಹೇಳಿದೆ. ಬೇಡ, ಒಂದು ಉದಾಹರಣೆಯೂ ತಪ್ಪಿಲ್ಲ ಎಂದರು. ನಂತರ ಪುಟಗಳನ್ನು ನೆಲದ ಮೇಲೆ ಹರಡಿ, ಮಂಡಿಯೂರಿ ಕೂತು, ನೀವು ಮನೆಯಿಂದ ಹೊರಡುವಲ್ಲಿಂದ ಮರಳುವವರೆಗೆ ಜೋಡಿಸಿ ಮತ್ತೊಮ್ಮೆ ಓದಿದರು. ಓದಿ ಆದ ಮೇಲೆ ಕಣ್ಣೊರೆಸುವಷ್ಟು ನಕ್ಕರು.

ಈಗ ನಮ್ಮ ವಿಭಾಗದಲ್ಲಿ ನಿಮ್ಮನ್ನು ತಿಳಿಯದವರು ಇಲ್ಲ. ಆರ್ತುರೊ ಬೆಳಿಗ್ಗೆ ಬಂದವನು ಗುಡ್ ಮಾರ್ನಿಂಗ್ ಹೇಳುವ ಮೊದಲು ಉಮ್ಮ ಎಲ್ಲಿಗೆ ಮುಟ್ಟಿದರು ಎಂದು ಕೇಳುತ್ತಾನೆ. ನನ್ನ ರೂಮಿನ ಸೀನನಿಗೂ ಸುದ್ದಿ ಹೋಯಿತು. ಮೂಲ್ಕಿಯ ಕಡೆಯ ವೆಲ್ಡರ್, ನಿಮ್ಮ ಮಿಡಿ ಉಪ್ಪಿನಕಾಯಿಯ ಬಾಟಲಿ ಒಬ್ಬನೇ ಖಾಲಿ ಮಾಡಿದವನು ಎಂದು ಬರೆದಿದ್ದೆನಲ್ಲ, ಅವನೇ. "ಎಂತ ಮಾರಾಯ, ಕಂಪ್ಯೂಟರಿಗೂ ನಿನ್ನ ಉಮ್ಮನ ಹತ್ತಿರ ಬೈಸಿಕೊಳ್ಳಲಿಕ್ಕೆ ಉಂಟಾ?" ಎಂದು ನಗುತ್ತಾನೆ. ಅವನ ಮದುವೆಯ ಮಾತುಕತೆ ಎಲ್ಲಿಯೋ ಸಿಕ್ಕಿಹಾಕಿಕೊಂಡಿದೆಯಂತೆ. ನೀವು ಮಕ್ಕಾದಲ್ಲಿ ದುವಾ ಮಾಡುವಾಗ ಅವನ ಹೆಸರೂ ಹೇಳಬೇಕಂತೆ. ಹೆಸರು ಸೀನ, ಮರೆಯಬೇಡಿ, ಹುಡುಗ ಒಳ್ಳೆಯವನು.

ಇಷ್ಟೆಲ್ಲ ನಗುವಿನ ನಡುವೆ ಒಂದು ಮಾತು ಬರೆಯಲೇಬೇಕು. ನಾನು ಜೆಡ್ಡಾಕ್ಕೆ ಬಂದು ನಿಮ್ಮನ್ನು ಕಾಣುತ್ತೇನೆ, ಮಕ್ಕಾದಲ್ಲಿ ನಿಮ್ಮ ಕೈಹಿಡಿದು ನಡೆಸುತ್ತೇನೆ ಎಂದು ನೀವು ಎಲ್ಲರ ಹತ್ತಿರ ಹೇಳಿಕೊಂಡು ಬರುತ್ತಿದ್ದೀರಂತೆ. ಹೊಸ ಎಡಿಟರನ್ನು ಎಲ್ಲರಿಗೂ ಕೊಡುವುದು ಆಗಸ್ಟಿನಲ್ಲಿ, ಹಜ್ಜು ಬರುವುದೂ ಆಗಸ್ಟಿನಲ್ಲಿ. ಆ ತಿಂಗಳು ಕೈಪಿಡಿ ಮಾಡಿದವರು ಜಾಗ ಬಿಟ್ಟು ಕದಲುವಂತಿಲ್ಲ, ನೂರು ಜನ ನೂರು ಸಂಶಯ ಹಿಡಿದುಕೊಂಡು ಬರುತ್ತಾರೆ. ರಜೆ ಯಾರೂ ಕೇಳಬಾರದೆಂದು ಮೊದಲೇ ಹೇಳಿಬಿಟ್ಟಿದ್ದಾರೆ. ಕಂಪೆನಿಯ ಪತ್ರವಿಲ್ಲದೆ ಇಲ್ಲಿ ವಾಸಿಸಲು ಕೊಟ್ಟ ಇಕಾಮಾ ಪರವಾನಗಿಯನ್ನಷ್ಟೇ ಹಿಡಿದುಕೊಂಡು ಇಲ್ಲಿಂದ ಜೆಡ್ಡಾಕ್ಕೆ ಹೋಗುವಂತೆಯೂ ಇಲ್ಲ. ಬಾಯಿಬಿಟ್ಟು ಕೇಳುವುದು ನನಗೆ ಮೊದಲಿನಿಂದಲೂ ಬಾರದ ವಿದ್ಯೆ. ಚಿಕ್ಕವನಿದ್ದಾಗ ಇನ್ನೊಂದು ಪತ್ತಿರ್ ರೊಟ್ಟಿ ಬೇಕೆಂದರೆ ನಾನು ಖಾಲಿ ಬಟ್ಟಲನ್ನು ನೋಡುತ್ತಾ ಕೂತಿರುತ್ತಿದ್ದೆ, ನೀವು ಮಾತಾಡದೆ ತಂದು ಹಾಕುತ್ತಿದ್ದಿರಿ. ಆಫೀಸಿನಲ್ಲಿ ಬಟ್ಟಲು ನೋಡಿದರೆ ಯಾರಿಗೆ ತಿಳಿಯುತ್ತದೆ? ನಾಲ್ಕು ವರ್ಷವಾಯಿತು ನಿಮ್ಮನ್ನು ಕಾಣದೆ. ಈ ದೇಶಕ್ಕೆ ನೀವು ಬಂದು, ಇದೇ ದೇಶದಲ್ಲಿ ಇರುವ ನಾನು ಕಾಣದೆ ಹೋದರೆ ಎಂದು ನೆನೆದು ರಾತ್ರಿ ಎದ್ದು ಕೂರುತ್ತೇನೆ. ಆದರೂ ಆಸೆ ಇಟ್ಟುಕೊಂಡು ಬರಬೇಡಿ ಉಮ್ಮಾ, ಮಾಮ ಜೊತೆಗಿದ್ದಾರೆ.

ಕೊನೆಗೆ ಉಳಿದದ್ದು ಹುಡುಕುವ ಫಂಕ್ಷನ್. ಕೊಟ್ಟ ಪದ ಸಿಕ್ಕಿದರೆ ಎಲ್ಲಿದೆ ಎಂದು ಹೇಳುತ್ತದೆ. ಸಿಗದಿದ್ದರೆ ಅದು ಕೊಡುವ ಉತ್ತರ ನಿಲ್, ಎಂದರೆ ಇಲ್ಲ. ಸಿಗದಿದ್ದರೆ ಏನಾಗುತ್ತದೆ ಎಂಬುದನ್ನೂ ಪುಸ್ತಕದಲ್ಲಿ ತೋರಿಸಬೇಕು. ನಿಮ್ಮ ಮತ್ತು ಮಾಮನ ಹೆಸರನ್ನೇ ಹಾಕಿ ನಾನು ಹೀಗೆ ಬರೆದೆ: "ಜೆಡ್ಡಾದ ಬಂದರಿಗೆ ಹಡಗು ಬಂತು. ಆಮಿನತ್ ಇಳಿದರು. ಮೊಯಿದಿನಬ್ಬ ಇಳಿದರು." ಅದರಲ್ಲಿ ಇಸ್ಮಾಯಿಲ್ ಎಂಬ ನನ್ನ ಹೆಸರನ್ನು ಹುಡುಕು ಎಂದು ಯಂತ್ರಕ್ಕೆ ಹೇಳಿದೆ. ನಿಲ್ ಎಂದು ಬಂತು. ನಡೆಸಿ ನೋಡಿದ್ದನ್ನೇ ಬರೆಯಬೇಕಲ್ಲ, ಹಾಗೆಯೇ ಬರೆದು ಬುಧವಾರ ಉಸ್ತಾದರ ಕೈಗೆ ಕೊಟ್ಟೆ. ಅವರು ಅಲ್ಲಿಯೇ ನಿಂತು ಓದಿದರು. ಈ ಸಲ ನಗಲಿಲ್ಲ. ಪುಟವನ್ನು ಮಡಚಿ ಜುಬ್ಬಾದ ಕಿಸೆಗೆ ಹಾಕಿಕೊಂಡು ಗುರುವಾರ, ಶುಕ್ರವಾರದ ವಾರದ ರಜೆಗೆಂದು ಮನೆಗೆ ಹೋದರು. ಅದರಲ್ಲಿ ತಪ್ಪು ಕಂಡಿರಬೇಕು, ನಾಳೆ ಶನಿವಾರ ತಿಳಿಯುತ್ತದೆ.

ಹಡಗಿನಲ್ಲಿ ಮೇಲಿನ ಮಂಚ ಕೊಟ್ಟರೆ ಮಾಮನಿಗೆ ಬಿಟ್ಟು ನೀವು ಕೆಳಗೆ ಮಲಗಿ. ಹೊಸ ಚಪ್ಪಲಿ ಬೇಡ, ಅಭ್ಯಾಸವಾದದ್ದೇ ಇರಲಿ, ಒಂದು ಜೊತೆ ಹೆಚ್ಚಿಗೆ ತನ್ನಿ. ಶಂಸುನ್ನಿಸಾಳನ್ನು ಒಬ್ಬಳೇ ಬಿಡದೆ ಮಾಮಿಯ ಮನೆಯಲ್ಲಿ ಇರಿಸಿ, ಅವಳು ಮುಖ ಊದಿಸಿಕೊಂಡರೂ ಸರಿ. ವಾರಿಜಾಬಾಯಿಗೆ ನನ್ನ ನಮಸ್ಕಾರ, ಮಾಮನಿಗೆ ಸಲಾಂ, ಶಂಸುವಿಗೆ ಒಂದು ಗುದ್ದು. ನಿಮ್ಮ ಹಜ್ಜನ್ನು ಅಲ್ಲಾಹು ಸುಲಭ ಮಾಡಲಿ, ನಿಮ್ಮ ದುವಾದಲ್ಲಿ ನನಗೂ ಒಂದು ಮೂಲೆ ಇರಲಿ.

ನಿಮ್ಮ ಮಗ
ಮೊಹಮ್ಮದ್ ಇಸ್ಮಾಯಿಲ್

ಮರೆತದ್ದಲ್ಲ, ಈಗ ಆದದ್ದು: ಶನಿವಾರ, ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ, ಕ್ಯಾಂಪಿನ ಬಸ್ಸು ಹಾರ್ನ್ ಹೊಡೆಯುತ್ತಿದೆ. ಉಸ್ತಾದರ ನಿಯಮದಂತೆ ಇದು ಪತ್ರದ ಮೊದಲ ಸಾಲಾಗಬೇಕಿತ್ತು, ಆದರೆ ಶಂಸು ಹೇಗೂ ಕೊನೆಯಿಂದಲೇ ಓದುವವಳು. ಪುಟ ವಾಪಸು ಬಂತು. "ಮೊಯಿದಿನಬ್ಬ ಇಳಿದರು" ಎಂಬುದರ ಕೆಳಗೆ ಹಸಿರು ಶಾಯಿಯಲ್ಲಿ ಅವರೇ ಒಂದು ವಾಕ್ಯ ಸೇರಿಸಿದ್ದಾರೆ: "ಇಸ್ಮಾಯಿಲ್ ಗೇಟಿನ ಹತ್ತಿರ ನಿಂತಿದ್ದಾನೆ." ಅವರು ಹೇಳಿದ್ದು ಇಷ್ಟೇ, "ನಿನ್ನ ಫಂಕ್ಷನ್ ಸರಿ ಇದೆ, ಅದಕ್ಕೆ ಕೊಟ್ಟ ಮಾತು ಹಳತಾಗಿದೆ. ಹಳತನ್ನು ಹೊಸತು ಮಾಡುವುದು ನಿನ್ನ ಕೆಲಸ ತಾನೇ? ಯಲ್ಲಾ, ಮತ್ತೆ ನಡೆಸಿ ನೋಡು." ನಡೆಸಿದೆ ಉಮ್ಮಾ, ಸಿಕ್ಕಿತು. ಪುಟದ ಹಿಂದೆ ನನ್ನ ರಜೆಯ ಕಾಗದ, ಜೆಡ್ಡಾಕ್ಕೆ ಕಂಪೆನಿಯ ಪತ್ರ, ಎರಡಕ್ಕೂ ಸೀಲು ಬಿದ್ದಿದೆ. ಆಗಸ್ಟಿನಲ್ಲಿ ಬರುವ ಸಂಶಯಗಳಿಗೆಲ್ಲ ತಾವೇ ಉತ್ತರ ಹೇಳುತ್ತಾರಂತೆ. ಸಿಗದಿದ್ದಾಗಿನ ಉದಾಹರಣೆಗೆ ಈಗ ಬೇರೆ ಹೆಸರು ಬೇಕಾಯಿತು, ನಿಮ್ಮ ಪೆಟ್ಟಿಗೆಯ ಸಾಮಾನಿನಲ್ಲಿ ತೆಂಗಿನಕಾಯಿಯನ್ನು ಹುಡುಕಿಸಿ ನಿಲ್ ಎಂದು ಬರೆದುಕೊಟ್ಟಿದ್ದೇನೆ. ಪುಸ್ತಕ ಅಚ್ಚಿಗೆ ಹೋಗಿಯಾಯಿತು, ನನ್ನ ಮಾನ ಉಳಿಸಿ. ಗೇಟಿನ ಹತ್ತಿರ ನೋಡಿ, ಸ್ವೆಟರ್ ಹಾಕಿಕೊಂಡು ನಿಂತಿರುತ್ತೇನೆ, ಎಷ್ಟೇ ಸೆಕೆಯಿರಲಿ.