ಊರೆಲ್ಲ ಕಲಿತ ಜಬಾನಿ

ರೋಣ
ತಾ. ೧೭ ಡಿಸೆಂಬರ್ ೧೯೫೭

ತೀರ್ಥರೂಪ ಅಪ್ಪನವರ ಪಾದಗಳಿಗೆ ನಿಮ್ಮ ಗುರುಸಂಗಪ್ಪನ ನಮಸ್ಕಾರಗಳು.

ಸೊಲ್ಲಾಪುರದ ಹವೆ ನಿಮಗೆ ಹೇಗೆ ಒಗ್ಗಿದೆ? ಮಂಡಿನೋವು ಇಳಿದಿದೆ, ಕೆಮ್ಮು ಮಾತ್ರ ಹಾಗೆಯೇ ಇದೆ ಎಂದು ನೀಲಕ್ಕ ಬರೆದಿದ್ದಳು. ಗಿರಣಿಯ ಹತ್ತಿಧೂಳು ಹಾರುವ ಓಣಿಯಲ್ಲಿ ಬೆಳಗಾಗುವ ಮೊದಲೇ ತಿರುಗಾಡಬೇಡಿರಿ ಎಂದರೆ, ಮೂವತ್ತು ವರ್ಷ ಹವಾಲ್ದಾರಿಕೆ ಮಾಡಿದವರು ಮಗನ ಮಾತು ಕೇಳುತ್ತೀರಾ? ಬಿಸಿನೀರನ್ನಾದರೂ ಕುಡಿಯಿರಿ. ನಾನು ಚೆನ್ನಾಗಿದ್ದೇನೆ. ಇಲ್ಲಿ ಖಾನಾವಳಿಯ ಶಂಕ್ರವ್ವ ದಿನಾ ನಾಲ್ಕು ರೊಟ್ಟಿ ಬಡಿಸಿ, ಐದನೆಯದನ್ನು ಬೈದು ತಿನ್ನಿಸುತ್ತಾಳೆ.

ನನ್ನ ಕೆಲಸ ನಿಮಗೆ ಹಿಡಿಸಿಲ್ಲ, ಗೊತ್ತಿದೆ. "ಲಾಠಿ ಬೀಸಿದ್ರ ಬೀಸಿದ್ರು, ಅದನ್ನೇನ ಪುಸ್ತಕಾ ಬರಿತಿ?" ಎಂದು ಯುಗಾದಿಯ ದಿನ ಊಟದ ಎಲೆಯ ಮುಂದೆ ಕೇಳಿದ್ದಿರಿ. ಧಾರವಾಡದ ನನ್ನ ಗುರುಗಳು ಹೇಳಿಕೊಟ್ಟ ಪದ್ಧತಿ ಬಹಳ ಸರಳ. ಪೊಲೀಸರು ಯಾವಾಗ, ಎಷ್ಟು ಬಲ ಪ್ರಯೋಗಿಸಿದರೆಂದು ಹಳೆಯ ದಫ್ತರದಲ್ಲಿ ಓದುವುದು, ಆಮೇಲೆ ಪೆಟ್ಟು ತಿಂದವನನ್ನೇ ಹುಡುಕಿಕೊಂಡು ಹೋಗಿ ಅವನ ಮೈ ನೋಡುವುದು. ಕಾಗದವನ್ನೂ ಮೈಯನ್ನೂ ಪಕ್ಕದಲ್ಲಿಟ್ಟರೆ ಆಯಿತು ಎನ್ನುತ್ತಾರೆ. ಕಾಗದದಲ್ಲಿ ಎಲ್ಲ ಪೆಟ್ಟುಗಳೂ ಸೊಂಟದ ಕೆಳಗೇ ಬಿದ್ದಿವೆ. ಗಜೇಂದ್ರಗಡದ ನೇಕಾರ ಅಕ್ಬರಸಾಬ ಟೋಪಿ ತೆಗೆದು, ನೆತ್ತಿಯ ಮೇಲೆ ಬೆರಳು ಹೋಗುವಷ್ಟು ಆಳದ ಕಲೆಯನ್ನು ನನ್ನ ಕೈಯಿಂದಲೇ ಮುಟ್ಟಿಸಿದ. ನರಗುಂದದಲ್ಲಿ ಇಂಥವರೇ ಮೂವರು ಸಿಕ್ಕರು. ಎಲ್ಲರೂ ಚಹಾ ಕುಡಿಸಿ ಕಳಿಸಿದರು. ಅಲ್ಲಿಯವರೆಗೆ ನನಗೆ ಈ ಕೆಲಸದಲ್ಲಿ ಒಂದು ಬಗೆಯ ಹುರುಪೇ ಇತ್ತು ಅಪ್ಪಾ, ಸುಳ್ಳೇಕೆ ಹೇಳಲಿ.

ಕಳೆದ ಗುರುವಾರ ನರೇಗಲ್ಲಿನಿಂದ ಎರಡು ಹರದಾರಿ ಆಚೆಗಿನ ಒಂದು ಹಳ್ಳಿಗೆ ಹೋದೆ. ಊರ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಗುರುಗಳ ಕಟ್ಟಪ್ಪಣೆ, ಹಾಗಾಗಿ ನಿಮಗೂ ಬರೆಯುವುದಿಲ್ಲ. ನಲವತ್ಮೂರರಲ್ಲಿ, ಸ್ವಾತಂತ್ರ್ಯ ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕಡಿದವರನ್ನು ಹುಡುಕುತ್ತ ಪೊಲೀಸರು ಅಲ್ಲಿಗೆ ಬಂದಿದ್ದರು. ಅದೇ ದಿನ ದ್ಯಾಮಪ್ಪನೆಂಬ ರೈತ ಸತ್ತಿದ್ದ. ದಫ್ತರದಲ್ಲಿ ಇದ್ದದ್ದು ಒಂದೇ ಹಾಳೆ, ಅದರಲ್ಲಿ ಸಹಿಯ ಜಾಗವನ್ನು ಗೆದ್ದಲು ತಿಂದಿತ್ತು. ಮಟಮಟ ಮಧ್ಯಾಹ್ನ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತು, ಬಂದ ಮೊದಲ ಮುದುಕನನ್ನು ಅಂದು ಏನಾಯಿತೆಂದು ಕೇಳಿದೆ. ಅವನು ಎದ್ದು ನಿಂತು, ಕೈ ಕಟ್ಟಿ, ಎಲ್ಲಿಯೋ ನೋಡುತ್ತ ಹೇಳಿದ: "ನಾ ಹೊಲದಾಗ ಇದ್ದೆ. ಏನೂ ನೋಡಿಲ್ಲ. ದ್ಯಾಮಪ್ಪ ಕಾಲ ಜಾರಿ..." ಇಲ್ಲಿ ಎರಡು ಸಲ ಸಣ್ಣಗೆ ಕೆಮ್ಮಿ, ಎದೆಯ ಮೇಲೆ ಅಂಗೈ ಇಟ್ಟುಕೊಂಡು, "ಬಾವಿಗೆ ಬಿದ್ದಾನ್ರಿ. ಪೊಲೀಸರು ಯಾರಿಗೂ ಕೈ ಹಚ್ಚಿಲ್ರಿ" ಎಂದು ಮುಗಿಸಿದ.

ಎರಡನೆಯವನೂ ಅದನ್ನೇ ಹೇಳಿದ. ಒಂದಕ್ಷರ ಹೆಚ್ಚು ಕಡಿಮೆಯಿಲ್ಲ, ಅದೇ ಜಾಗದಲ್ಲಿ ಅದೇ ಎರಡು ಕೆಮ್ಮು, ಎದೆಯ ಮೇಲೆ ಅದೇ ಅಂಗೈ. ಊರಿಗೆಲ್ಲ ನೆಗಡಿ ಹತ್ತಿದೆಯೇನೋ ಎಂದು ಮೊದಲು ನಗು ಬಂತು. ಹುಟ್ಟುಕುರುಡಿ ಕಳಕವ್ವ ತಾನು ಏನೂ ನೋಡಿಲ್ಲ ಎಂದು ಕೈ ಕಟ್ಟಿ ಹೇಳಿ, ಕೆಮ್ಮಿದಳು. ಏಳೆಂಟು ವರ್ಷದ ಹುಡುಗಿ, ಹೆಡಿಗೆ ಹೊತ್ತು ಹೋಗುತ್ತಿದ್ದವಳು, ಕೇಳದಿದ್ದರೂ ನಿಂತು, ತಾನೂ ಹೊಲದಾಗ ಇದ್ದೆ ಎಂದಳು, ಕೆಮ್ಮಿದಳು. ಅವಳು ಹುಟ್ಟಿದ್ದೇ ಆಮೇಲೆ! ನನ್ನ ನಗು ನಿಂತುಹೋಯಿತು.

ಆಮೇಲೆ ದ್ಯಾಮಪ್ಪನ ಹೆಂಡತಿಯಿಂದ ತಿಳಿದದ್ದು ಇಷ್ಟು. ಅಂದು ಒಬ್ಬ ಹವಾಲ್ದಾರ ಊರವರನ್ನೆಲ್ಲ ಇದೇ ಕಟ್ಟೆಯ ಮುಂದೆ ಕೂಡಿಸಿ, ಸಾಲಿ ಮಕ್ಕಳಿಗೆ ಮಗ್ಗಿ ಹೇಳಿಸುವ ಹಾಗೆ, ಈ ಜಬಾನಿಯನ್ನು, ಅಂದರೆ ಸಾಕ್ಷಿಯ ಹೇಳಿಕೆಯನ್ನು, ಹೊತ್ತು ಮುಳುಗುವವರೆಗೆ ಬಾಯಿಪಾಠ ಮಾಡಿಸಿದ್ದ. ಸಾಹೇಬರು ಬಂದು ಕೇಳಿದಾಗ ಒಬ್ಬ ತಪ್ಪಿದರೂ ಊರಿಗೆಲ್ಲ ಲಾಠಿ ಎಂದಿದ್ದ. ಯಾವ ಸಾಹೇಬನೂ ಬರಲಿಲ್ಲ. ಆದರೆ ಇಂದಲ್ಲ ನಾಳೆ ಬಂದಾನೆಂದು ಅವರು ಅದನ್ನು ಬಿಡಲಿಲ್ಲ. ಮಕ್ಕಳಿಗೆ ಮಾತು ಬರುತ್ತಿದ್ದ ಹಾಗೆ ಕಲಿಸಿದರು. ಹೊಸ ಸೊಸೆ ಗಂಡನ ಮನೆಗೆ ನಡೆಯಲು ಬಂದರೆ, ಅತ್ತೆ ಒಲೆ ಹಚ್ಚಗೊಡುವ ಮೊದಲು ಅವಳ ಬಾಯಲ್ಲಿ ಇದನ್ನು ಒಪ್ಪಿಸಿಕೊಳ್ಳುತ್ತಾಳೆ. ಕಲಿಸಿದವನು ಎಲ್ಲಿ ಕೆಮ್ಮಿದ್ದನೋ ಅಲ್ಲಿ ಕೆಮ್ಮುವುದೂ ಜಬಾನಿಯ ಪಾಲೇ ಎಂದು ಅವರು ತಿಳಿದಿದ್ದಾರೆ. ಕಾಗದ ಹಿಡಿದು ಬಂದ ನಾನೇ ಆ ಸಾಹೇಬನೆಂದು ಅವರ ಎಣಿಕೆ.

ನಾನು ವಹಿ ಮುಚ್ಚಿ ಏಳುವಾಗ ಗಂಟಲಿಗೆ ಧೂಳು ಅಡರಿತು. ಎರಡು ಸಲ ಕೆಮ್ಮಿದೆ. ನನ್ನ ಬೆನ್ನ ಹಿಂದೆ, ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದವರು ಎಲ್ಲರೂ ಒಂದೇ ದನಿಯಲ್ಲಿ, "ಬಾವಿಗೆ ಬಿದ್ದಾನ್ರಿ" ಎಂದರು. ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ. ನನ್ನ ಅಂಗೈ ಎದೆಯ ಮೇಲಿತ್ತು. ಚಿಕ್ಕವನಿದ್ದಾಗ ನೀಲಕ್ಕನೂ ನಾನೂ ಬಾಗಿಲ ಹಿಂದೆ ನಿಂತು ಯಾರ ಕೆಮ್ಮನ್ನು ಅಣಕಿಸಿ ಏಟು ತಿನ್ನುತ್ತಿದ್ದೆವೋ, ಆ ಕೆಮ್ಮು ಈಗ ಆ ಊರಿನ ಕೂಸುಗಳ ಬಾಯಲ್ಲಿದೆ. ಅಪ್ಪಾ, ನನಗೆ ಬಹಳ ಹೆದರಿಕೆಯಾಯಿತು.

ಜಬಾನಿ ಒಪ್ಪಿಸದೆ ಇದ್ದವಳು ಊರಲ್ಲಿ ಒಬ್ಬಳೇ, ದ್ಯಾಮಪ್ಪನ ಹೆಂಡತಿ ಬಾಳವ್ವ. "ಎಲ್ಲಾರೂ ಕಲತ್ರು. ನನಗ ಬಾಯಿಗೆ ಬರಲಿಲ್ಲ" ಎಂದಳು. ಚಾವಡಿಯಿಂದ ಗಂಡನನ್ನು ತಂದು ಅಂಗಳದಲ್ಲಿ ಮಲಗಿಸಿದಾಗ ಅವಳು ಮುಟ್ಟಿ ನೋಡಿದ್ದಳಂತೆ. "ಧೋತರ ಒಣಗೇ ಇತ್ತಪ್ಪಾ" ಎಂದಳು. ಕೋರ್ಟು ಕಚೇರಿ ಅವಳಿಗೆ ಬೇಡವಂತೆ. ಚಾವಡಿಯ ಒಳಗೆ ಬಾಗಿಲು ಹಾಕಿಕೊಂಡು ಇದ್ದವರು ಇಬ್ಬರೇ, ಅವಳ ಗಂಡ ಮತ್ತು ಆ ಹವಾಲ್ದಾರ. "ಕಡೀಕ ಅಂವ ಏನಂದ? ನೀರು ಕೇಳಿದ್ನೊ, ನನ್ನ ಕರದ್ನೊ? ಅಷ್ಟ ನನಗ ಬೇಕಾಗೇತಿ. ಆ ಹವಾಲ್ದಾರ ಬದಕ್ಯಾನೇನು?" ಎಂದು ಕೇಳಿದಳು. ನಾನು ಯಾರ ಮಗನೆಂದು ಅವಳಿಗೆ ಹೇಳಿದೆ. ಹೇಳದೆ ಬರಲು ಆಗಲಿಲ್ಲ. ಅವಳು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು.

ನನ್ನ ವಹಿಯಲ್ಲಿ ಸದ್ಯ "ಒಬ್ಬ ಹವಾಲ್ದಾರ" ಎಂದಷ್ಟೇ ಬರೆದಿದ್ದೇನೆ. ಫೆಬ್ರವರಿಯೊಳಗೆ ಪ್ರಬಂಧ ಒಪ್ಪಿಸಬೇಕು. ನೀವು ನನಗೆ ಅಕ್ಷರ ಕಲಿಸಿದವರು, ನನ್ನ ಫೀಜು ಕಟ್ಟಲು ಗಡಿಯಾರ ಮಾರಿದವರು, ಅದನ್ನು ನಾನು ಮರೆತಿಲ್ಲ. ನಿಮ್ಮ ಮೇಲಿನ ಪ್ರೀತಿ ಇವತ್ತಿಗೂ ಅಷ್ಟೇ ಇದೆ, ಅದೇ ನನಗೆ ಕಷ್ಟವಾಗಿದೆ. ನೀಲಕ್ಕನಿಗೂ ಭಾವನವರಿಗೂ ನಮಸ್ಕಾರ ತಿಳಿಸಿರಿ. ಮಕ್ಕಳಿಗೆ ಮುದ್ದು. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ ಮಗ
ಗುರುಸಂಗಪ್ಪ

ತಾ. ಕ.: ಇದನ್ನು ಟಪಾಲಿಗೆ ಹಾಕಲು ಹೊರಟಾಗ ಖಾನಾವಳಿಯ ಪಡಸಾಲೆಯಲ್ಲಿ ಬಾಳವ್ವ ಕುಳಿತಿದ್ದಳು. ಊರಿನಿಂದ ನಡೆದೇ ಬಂದಿದ್ದಾಳೆ, ಬುತ್ತಿ ಕಟ್ಟಿಕೊಂಡು. ನಿಮ್ಮ ಹತ್ತಿರ ಕರೆದುಕೊಂಡು ಹೋಗು ಎಂದಳು, ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಶನಿವಾರ ಗದಗಿನಲ್ಲಿ ಗಾಡಿ ಹತ್ತುತ್ತೇವೆ, ಭಾನುವಾರ ಬೆಳಿಗ್ಗೆ ಸೊಲ್ಲಾಪುರದಲ್ಲಿ ನಿಮ್ಮ ಮುಂದೆ ಇರುತ್ತೇವೆ. ಅವಳು ಒಂದೇ ಮಾತು ಕೇಳುತ್ತಾಳೆ. ಅಪ್ಪಾ, ಅಂದು ಎಲ್ಲಿಗೂ ಹೋಗಬೇಡಿರಿ.