ಓಡಿಹೋದವನಿಗೆ ಶಾಶ್ವತ ವಾಸ, ಉಳಿದವಳಿಗೆ ಹದಿನೈದು ದಿನ

ಶಾಶ್ವತ ವಾಸದ ಅರ್ಜಿಗಳನ್ನು ತೀರ್ಮಾನಿಸುವ ಮಾನ್ಯ ಮುಖ್ಯಸ್ಥರೇ,

ಹತ್ತೊಂಬತ್ತು ದಿನದ ತಪ್ಪಿಗೆ ನನ್ನ ಹೆಂಡತಿ ಅನಸೂಯಾಳನ್ನು ನೀವು ಒಂದು ವರ್ಷ ದೇಶದ ಹೊರಗೆ ಇಟ್ಟಿದ್ದೀರಿ. ಈ ಪತ್ರ ಅದಕ್ಕೇ. ಜಪಾನೀ ಅನುವಾದ ಲಗತ್ತಿಸಿಲ್ಲ. ಮದುವೆ ನೋಂದಣಿಯಿಂದ ಹಿಡಿದು ನನ್ನ ಐಟಿಐ ಅಂಕಪಟ್ಟಿಯವರೆಗೆ ಹದಿಮೂರು ವರ್ಷ ನಾನೇ ಅನುವಾದ ಮಾಡಿಸಿ ತಂದಿದ್ದೇನೆ; ಇದೊಂದನ್ನು ನೀವು ಮಾಡಿಸಿಕೊಳ್ಳಿ. ಅಷ್ಟರಲ್ಲಿ ನಮ್ಮ ಸಂಘದ ಸಂಚಿಕೆಯಲ್ಲಿ ಇಲ್ಲಿನ ಕನ್ನಡಿಗರೆಲ್ಲ ಓದಿ ಮುಗಿಸಿರುತ್ತಾರೆ.

ನಾನು ನಿಮ್ಮ ಶಾಶ್ವತ ವಾಸಿ. ನನ್ನ ಹೆಂಡತಿಯೆಂಬ ಆಧಾರದ ಮೇಲೆ ಅವಳಿಗೂ ಆ ಪರವಾನಗಿ ಕೊಡಿ ಎಂದು 2015ರ ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಿದೆವು. ಸುಮಾರು ನಾಲ್ಕು ತಿಂಗಳು ಎಂದಿರಿ. ಎಂಟು ತಿಂಗಳಾದರೂ ನಿಮ್ಮಿಂದ ಕೆಮ್ಮಿದ ಸದ್ದೂ ಇಲ್ಲ. ಈ ನಡುವೆ ಅವಳ ಕೈಯಲ್ಲಿದ್ದ ಹಳೆಯ ವೀಸಾದ ಗಡುವು, ಮೇ ಹನ್ನೆರಡು, ಹತ್ತಿರ ಬಂತು.

ನಮ್ಮ ಊರಿನ ಕಚೇರಿಗಳನ್ನು ನೀವು ಕಂಡಿಲ್ಲ. ಅಲ್ಲಿ ಅರ್ಜಿ ಕಳೆಯಬಹುದು, ಕಡತ ಕಳೆಯಬಹುದು, ಗುಮಾಸ್ತರೇ ಕಾಣೆಯಾಗಬಹುದು. ಮೊಹರು ಬಿದ್ದ ಸ್ವೀಕೃತಿ ಚೀಟಿ ಕೈಯಲ್ಲಿದ್ದರೆ ಮಾತ್ರ ಯಾರಪ್ಪನಿಗೂ ಹೆದರಬೇಕಿಲ್ಲ. ಆ ಸಂಸ್ಕಾರದಲ್ಲಿ ಬೆಳೆದವನು ನಾನು. ನಿಮ್ಮ ಚೀಟಿಗೆ ಬೀದಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಎರಡು ಪ್ರತಿ ತೆಗೆಸಿ, ಮೂಲವನ್ನು ಲ್ಯಾಮಿನೇಟ್ ಮಾಡಿಸಿ, ದೇವರ ಪಟದ ಹಿಂದೆ ಇಟ್ಟೆ. ಹಿಂದೊಮ್ಮೆ ನನ್ನ ಸ್ವಂತ ವೀಸಾ ನವೀಕರಣದ ಉತ್ತರ ಗಡುವು ದಾಟಿ ಬಂದಾಗ, ಅರ್ಜಿ ವಿಚಾರಣೆಯಲ್ಲಿದೆ ಎಂದು ನೀವೇ ಸುಮ್ಮನಿದ್ದಿರಿ. ಚೀಟಿ ಇದ್ದರೆ ರಕ್ಷಣೆ ಇದೆ ಎಂದು ನಾನು ಸೂತ್ರ ಕಟ್ಟಿಕೊಂಡೆ. ಟೋಕಿಯೋದ ನಮ್ಮ ಕೋಟೋ ಬಡಾವಣೆಯ ಅರ್ಧ ಕನ್ನಡಿಗರಿಗೆ ಫಾರ್ಮು ತುಂಬಿಕೊಟ್ಟವನಲ್ಲವೇ ನಾನು, ನನ್ನ ಸೂತ್ರವನ್ನು ಯಾರು ಪ್ರಶ್ನಿಸುತ್ತಾರೆ?

ಅವಳು ಪ್ರಶ್ನಿಸಿದಳು.

"ರೀ, ವೀಸಾ ಕಾರ್ಡಲ್ಲಿ ಮೇ ಹನ್ನೆರಡು ಅಂತಿದೆ. ಹೋಗಿ ರಿನ್ಯೂ ಮಾಡಿಸ್ಕೊಂಡು ಬರ್ಲಾ?"

"ಪರ್ಮನೆಂಟಿಗೇ ಅರ್ಜಿ ಹೋಗಿದೆಯಲ್ಲೇ. ಛತ್ರ ಬುಕ್ ಆದ್ಮೇಲೆ ಯಾರಾದ್ರೂ ಇನ್ನೊಂದ್ಸಲ ಹುಡುಗಿ ನೋಡಕ್ಕೆ ಹೋಗ್ತಾರಾ?"

ಅವಳು ನಕ್ಕಳು. ನನ್ನ ಮಾತಿಗೆ ಎಲ್ಲರೂ ನಗುತ್ತಾರೆ. ನಮ್ಮ ಕಟ್ಟಡದ ಹತ್ತನೇ ಮಹಡಿಯ ಮಧುಕರನಿಗೂ ಅವನ ಹೆಂಡತಿಯ ವಿಷಯದಲ್ಲಿ ಇದನ್ನೇ ಹೇಳಿದ್ದೆ. ಅವನೂ ನಕ್ಕ, ಮರುದಿನ ರಜೆ ಹಾಕಿ ಹೋಗಿ ನವೀಕರಿಸಿಕೊಂಡು ಬಂದ. ನನ್ನ ಮಾತು ಕೇಳದವನ ಸಂಸಾರ ಉಳಿಯಿತು. ನನ್ನನ್ನು ಕಟ್ಟಿಕೊಂಡವಳದು ಹೋಯಿತು.

ಶಾಶ್ವತ ವಾಸದ ಅರ್ಜಿ ಬಾಕಿ ಇದ್ದರೆ ಹಳೆಯ ವೀಸಾದ ಗಡುವು ನಿಲ್ಲುವುದಿಲ್ಲ, ಅದನ್ನು ಬೇರೆಯಾಗಿಯೇ ನವೀಕರಿಸಬೇಕು ಎಂಬುದು ನಿಮ್ಮ ನಿಯಮ. ಒಪ್ಪಿದೆ. ಎಂಟು ತಿಂಗಳು ನೀವು ತಡ ಮಾಡಿದರೆ ಅದು ಪರಿಶೀಲನೆ. ಹತ್ತೊಂಬತ್ತು ದಿನ ಅವಳು ತಡ ಮಾಡಿದರೆ ಅದು ಅಪರಾಧ. ಈ ತಕ್ಕಡಿಯನ್ನು ಎಲ್ಲಿ ಮಾಡಿಸಿದಿರಿ?

ಅವಳು ದುಡಿಯುತ್ತಿದ್ದ ವೃದ್ಧರ ಆರೈಕೆ ಕೇಂದ್ರದವರು ಹೊಸ ಕಾರ್ಡಿನ ಪ್ರತಿ ಕೇಳಿದಾಗ ವಿಷಯ ಹೊರಬಿತ್ತು. ಮರುಬೆಳಗ್ಗೆ ನಾವಾಗಿಯೇ ನಿಮ್ಮ ಕಚೇರಿಗೆ ಬಂದೆವು. ನಾನು ಲ್ಯಾಮಿನೇಟ್ ಮಾಡಿದ ಚೀಟಿ ಹಿಡಿದು, ಅರ್ಧ ಇಂಗ್ಲಿಷು ಅರ್ಧ ಜಪಾನಿಯಲ್ಲಿ, ತಪ್ಪು ನನ್ನದು, ಅವಳದಲ್ಲ ಎಂದು ವಾದಿಸುತ್ತಲೇ ಇದ್ದೆ. ನಿಮ್ಮ ಸಿಬ್ಬಂದಿ ಪ್ರತಿ ವಾಕ್ಯಕ್ಕೂ "ಸುಮಿಮಾಸೆನ್", ಕ್ಷಮಿಸಿ, ಎಂದು ತಲೆ ಬಾಗಿಸಿದರು. ಇಷ್ಟು ಮರ್ಯಾದೆಯಿಂದ ಕತ್ತು ಕೊಯ್ಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅನಸೂಯಾ ನನ್ನ ತೋಳು ಹಿಡಿದಳು. ಅವಳ ಜಪಾನೀ ನನ್ನದಕ್ಕಿಂತ ಚೆನ್ನ. "ಸಾಕು, ಸುಮ್ನಿರಿ. ಅವ್ರು ಆಗ್ಲೇ ಹೇಳಾಯ್ತು. ಹದಿನೈದು ದಿನದಲ್ಲಿ ಹೊರಡ್ಬೇಕಂತೆ. ಒಂದು ವರ್ಷ ಬರೋ ಹಾಗಿಲ್ವಂತೆ." ಆಮೇಲೆ ಸಿಬ್ಬಂದಿಯ ಕಡೆ ತಿರುಗಿ ಬಾಗಿ "ಅರಿಗಾತೋ ಗೊಜೈಮಾಸ್" ಎಂದಳು.

"ಥ್ಯಾಂಕ್ಸ್ ಯಾಕೆ ಹೇಳ್ದೆ ಇವ್ರಿಗೆ?" ಎಂದು ಕೇಳಿದೆ.

"ನಾವಾಗೇ ಬಂದಿದೀವಲ್ಲ, ಒಳಗೆ ಹಾಕಲ್ವಂತೆ. ಅದಕ್ಕೆ."

ಈಗ ನಿಮ್ಮ ಕಡತದಲ್ಲಿಲ್ಲದ ಒಂದು ಸಂಗತಿ. 2011ರ ಮಾರ್ಚ್‌ನಲ್ಲಿ ಭೂಮಿ ನಡುಗಿದ ನಾಲ್ಕನೇ ದಿನ ನನ್ನ ಕಂಪನಿ ಬೆಂಗಳೂರಿಗೆ ಎರಡು ಟಿಕೆಟ್ ಕಳಿಸಿತು. ಅನಸೂಯಾ ಬರಲಿಲ್ಲ. ಅವಳ ಕೇಂದ್ರಕ್ಕೆ ಸಿಬ್ಬಂದಿ ಅರ್ಧದಷ್ಟೂ ಬರುತ್ತಿರಲಿಲ್ಲ. "ಅಜ್ಜಿಯಂದಿರಿಗೆ ಗಂಜಿ ಕುಡಿಸೋರು ಯಾರು? ನೀವು ಹೋಗ್ಬನ್ನಿ" ಎಂದಳು. ನಾನು ಹೋದೆ. ಮೂರು ವಾರ ಬಸವನಗುಡಿಯಲ್ಲಿ ಕೂತು ಟಿವಿಯಲ್ಲಿ ನಿಮ್ಮ ದೇಶವನ್ನು ನೋಡಿದೆ. ಲಿಫ್ಟ್ ನಿಂತಿದ್ದ ದಿನಗಳಲ್ಲಿ ಅವಳು ಇಪ್ಪತ್ತಮೂರು ಮಹಡಿ ಇಳಿದು, ರೈಲಿಲ್ಲದೆ ನಡೆದು ಕೆಲಸಕ್ಕೆ ಹೋದಳು. ಎರಡು ವರ್ಷದ ನಂತರ ನೀವು ಶಾಶ್ವತ ವಾಸ ಕೊಟ್ಟಿದ್ದು ನನಗೆ. ಹೋಗಿ ಎಂದಾಗ ಹೋಗದವಳನ್ನು, ಇರುತ್ತೇನೆ ಎಂದಾಗ ಕಳಿಸಿದಿರಿ. ನಿಮ್ಮ ದೇಶದ ಹಿತ ಯಾರಿಂದ ಎಂದು ಅಳೆಯುವುದೇ ತಮ್ಮ ಉದ್ಯೋಗವಲ್ಲವೇ ಸ್ವಾಮಿ?

ಈಗ ಅವಳು ಮೈಸೂರಿನಲ್ಲಿ ತಂಗಿ ವಸುಧಾಳ ಮನೆಯಲ್ಲಿದ್ದಾಳೆ. ಫೋನಿನಲ್ಲಿ ನನ್ನನ್ನು ಬೈಯುವುದಿಲ್ಲ. ಬೈದಿದ್ದರೆ ವಾದಿಸಬಹುದಿತ್ತು.

ವರ್ಷ ಮುಗಿದ ಮೇಲೆ ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು. ಕಾಗದಪತ್ರ ನೋಡುವ ವಕೀಲರ ಬಳಿ ಹೋದೆ. ಗಂಡ ಹೆಂಡತಿ ಒಟ್ಟಿಗೆ ಬಾಳುತ್ತಿರುವುದಕ್ಕೆ ಪುರಾವೆ ಬೇಕು, ಬೇರೆ ಇದ್ದರೆ ಕಾರಣ ವಿವರಿಸಬೇಕು ಎಂದರು. "ಕೌಟುಂಬಿಕ ಕಾರಣ ಅಂತ ಬರೆಯಿರಿ" ಎಂದು ಸಲಹೆಯನ್ನೂ ಕೊಟ್ಟರು. ನೀವೇ ಬೇರೆ ಮಾಡಿ, ಏಕೆ ಬೇರೆ ಇದ್ದಿರಿ ಎಂದು ನಮ್ಮನ್ನೇ ಕೇಳುತ್ತೀರಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆ ವಿವರಣೆಯ ಮೊದಲ ಸಾಲನ್ನು ನಾನು ಬರೆಯುತ್ತೇನೆ: ಹೆಂಡತಿ ಹೇಳಿದಳು, ನಾನು ಕೇಳಲಿಲ್ಲ. ಎರಡನೆಯ ಸಾಲನ್ನು ನೀವು, ನಿಮ್ಮ ಕೈಯಾರೆ, ಬರೆದು ಮೊಹರು ಒತ್ತಿ ಕೊಡಬೇಕು. ಅದು ಬರುವವರೆಗೆ ಪ್ರತಿ ಸೋಮವಾರ ನಿಮ್ಮ ಕಚೇರಿಗೆ ಬಂದು ಸರದಿ ಚೀಟಿ ತೆಗೆದುಕೊಂಡು ಕೂರುತ್ತೇನೆ. ನನ್ನನ್ನು ಹೊರಗೆ ಕಳಿಸುವ ಕಾನೂನು ಸದ್ಯ ನಿಮ್ಮಲ್ಲಿಲ್ಲ.

ಇಂತಿ,
ತಮ್ಮ ದೇಶದಲ್ಲಿ ಒಬ್ಬನೇ ಇರಲು ಶಾಶ್ವತ ಅನುಮತಿ ಪಡೆದ
ಲಿಂಗರಾಜು
ಕೋಟೋ, ಟೋಕಿಯೋ
ಅಕ್ಟೋಬರ್ 2016