ಉಡಿಗೆ ಹಿಡಿದ ಮುಸುಕು

ಹಾವೇರಿ
೧೮ ಮಾರ್ಚ್ ೨೦೦೬

ಚಿರಂಜೀವಿ ಸೌಭಾಗ್ಯವತಿ ದ್ರಾಕ್ಷಾಯಿಣಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು. ನಾನು ಸತ್ತು ಮೂರು ವರ್ಷವಾದರೂ ಇಲ್ಲಿ ಆರಾಮವಾಗಿದ್ದೇನೆ. ನಿನ್ನದು ಮತ್ತು ಹೊಟ್ಟೆಯೊಳಗಿನ ಕೂಸಿನದು ಕ್ಷೇಮಸಮಾಚಾರ ತಿಳಿದರೆ ಸಾಕು.

ಹೀಗೆ ಬರೆದೆನೆಂದು ಹುಬ್ಬು ಗಂಟು ಹಾಕಬೇಡ. ನಿನ್ನನ್ನು ನೋಡಲು ಐರಣಿಯಿಂದ ಬೀಗರು ಅಗಡಿಗೆ ಬಂದ ದಿನ, ಅಲ್ಲಿ ನಿನ್ನನ್ನು ಇಟ್ಟುಕೊಂಡಿದ್ದ ಸೋದರಮಾವ ಮಾಲತೇಶಪ್ಪ, ಹುಡುಗಿಯ ತಾಯಿ ಕಾಮಣಿ ಬೇನೆಯಾಗಿ ತೀರಿಕೊಂಡಳು ಎಂದು ಹೇಳಿಬಿಟ್ಟ. ಊರೂರು ತಿರುಗಿ ನಾಟಕದಲ್ಲಿ ಬಣ್ಣ ಹಚ್ಚುವವಳ ಮಗಳನ್ನು ಅಂಥ ಮನೆತನದವರು ತಂದುಕೊಳ್ಳುತ್ತಿರಲಿಲ್ಲ, ಅದು ನನಗೂ ಗೊತ್ತು. ನೀನು ಸುಮ್ಮನಿದ್ದೆ. ಆಮೇಲೆ ಸುದ್ದಿ ತಿಳಿದಾಗ ನಾನೂ ಹೂಂ ಎಂದೆ. ಮೊದಲೇ ಒಂದು ಮಾತು ಕೇಳಿದ್ದರೆ ಹಾವು ಕಡಿಯಿತು ಎಂದಾದರೂ ಹೇಳಿಸುತ್ತಿದ್ದೆ. ಇಷ್ಟು ವರ್ಷ ಸ್ಟೇಜಿನ ಮೇಲೆ ಮೆರೆದವಳಿಗೆ ಕಾಮಣಿಯೂ ಒಂದು ಸಾವೇ?

ನಿನ್ನ ಮದುವೆಯ ದಿನ ನಾನು ಕರ್ಜಗಿಯಲ್ಲಿದ್ದೆ. ನಾಟಕದೊಳಗೂ ಮದುವೆ, ನನ್ನದು ಮದುಮಗಳ ತಾಯಿಯ ಪಾರ್ಟು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬಹಳ ಚಲೋ ಅತ್ತೆನೆಂದು ಊರವರು ಒಂದು ಸೀರೆ ಉಡಿಸಿದರು. ಆ ಸೀರೆಯನ್ನು ಇವತ್ತಿನವರೆಗೂ ನಾನು ಉಟ್ಟಿಲ್ಲ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ನಮ್ಮ ಹಾರ್ಮೋನಿಯಂ ಪೇಟಿ ಬಾರಿಸುವ ಇಸ್ಮಾಯಿಲಸಾಬರ ಬಳೆಗಾರ್ತಿ ತಂಗಿ ಐರಣಿಯಲ್ಲಿ ಬಳೆ ತೊಡಿಸಲು ನಿಮ್ಮ ಮನೆಗೆ ಬಂದಾಗ ನೀನು ಅವಳ ಕಿವಿಯಲ್ಲಿ ಹೇಳಿದ್ದು ನನಗೆ ಮುಟ್ಟಿತು. “ಮುಸುಕು ಯಾಕ ಬಿಚ್ಚಿದಿ? ನನ್ನ ಬಾಳೇ ಹಾಳ ಮಾಡಾಕ ಬಂದಿದ್ಯೇನು?” ಎಂದು ಕೇಳಿದೆಯಂತೆ. ಹೇಳುವಾಗ ಆ ಪುಣ್ಯಾತ್ಗಿತ್ತಿ ನನ್ನ ಮುಖ ನೋಡಲಿಲ್ಲ. ಫೋನಿನಲ್ಲಿ ಉತ್ತರ ಕೊಡೋಣವೆಂದರೆ ನಿಮ್ಮ ಮನೆಯ ಮೊಬೈಲು ಅಳಿಯಂದಿರ ಕಿಸೆಯಲ್ಲಿರುತ್ತದೆ. ಅದಕ್ಕೇ ಪಾರ್ಟು ಓದಲೆಂದು ಕಲಿತ ಅಕ್ಷರಗಳಲ್ಲಿ ಈ ಪತ್ರ, ಅವಳ ಕೈಯಲ್ಲೇ.

ಐರಣಿಯ ಹುಡುಗರು ಪ್ರತಿವರ್ಷ ನಾಟಕ ಆಡುತ್ತಾರೆ, ಹೆಣ್ಣು ಪಾರ್ಟಿಗೆ ಹೊರಗಿನಿಂದ ನಮ್ಮಂಥವರನ್ನು ಕರೆಸುತ್ತಾರೆ. ಕುಡುಕ ಗಂಡ, ಅಳುವ ಹೆಂಡತಿಯ ನಾಟಕ ಆಡಿಸಿ ಆಡಿಸಿ ಬೇಸತ್ತ ನಿಜಲಿಂಗಪ್ಪ ಮಾಸ್ತರರು ಈ ಸಲ ತಾವೇ ಒಂದು ಬರೆದಿದ್ದರು. ‘ಕರಿ ಮುಸುಕಿನ ಒಡತಿ’. ಜಪಾನ ದೇಶದ ಕಥೆ, ಅಲ್ಲಿ ಸಾಮಂತರು ಆಳುತ್ತಿದ್ದ ಕಾಲದ್ದು. ಕಿಕು ಎಂಬವಳು ಹಗಲೆಲ್ಲ ಬೀಸಣಿಕೆ ಮಾರುವ ಬಡವಿ, ಕತ್ತಲಾದರೆ ಕೊಲೆಗಾರ್ತಿಯರ ಗುಪ್ತ ಸಂಘದ ಒಡತಿ. ಬಡವರ ಮನೆ ಸುಟ್ಟ ಸಾಮಂತರನ್ನು ಅವರ ಅರಮನೆಯೊಳಗೇ ಹೊಕ್ಕು ಮುಗಿಸುವ ಹೆಂಗಸರು ಅವಳ ಕೈಯಲ್ಲಿ. ನಾನು ಈ ತನಕ ಸ್ಟೇಜಿನ ಮೇಲೆ ಒದೆ ತಿಂದಿದ್ದೇನೆ, ಶಾಪ ತಿಂದಿದ್ದೇನೆ, ಯಾರದೋ ಕಾಲು ಹಿಡಿದು ಅತ್ತಿದ್ದೇನೆ. ಖಡ್ಗ ಹಿಡಿದು ನಿಂತಿದ್ದು, ಎದುರಿಗಿದ್ದವರು ಮಂಡಿಯೂರಿದ್ದು ಇದೇ ಮೊದಲು. ಖರೇ ಹೇಳುತ್ತೇನೆ, ಬಹಳ ಹಿತವಾಗಿತ್ತು.

ಹ್ಯಾಂಡ್‌ಬಿಲ್ಲಿನಲ್ಲಿ ಎಂದಿನಂತೆ ನನ್ನ ಸ್ಟೇಜಿನ ಹೆಸರು, ‘ಕುಮಾರಿ ಶ್ರೀದೇವಿ, ಹಾವೇರಿ’ ಎಂದು ಹಾಕಿದ್ದರು. ಅಜ್ಜಿಯಾಗಲು ಬಂದರೂ ನಾನಿನ್ನೂ ಕುಮಾರಿ, ಫೋಟೋ ನೀನು ತೊಟ್ಟಿಲಲ್ಲಿದ್ದಾಗ ತೆಗೆಸಿದ್ದು. ಮಾಸ್ತರರು ಎಲ್ಲಿಂದಲೋ ತಂದ ಚಿತ್ರ ನೋಡಿ ರಾಣೇಬೆನ್ನೂರಿನ ಟೇಲರು ಕರಿ ಸಾಟಿನಿನಲ್ಲಿ ಕಾಲ ತನಕ ಅಂಗಿ ಹೊಲಿದ. ಅದರ ತೋಳು ಎಷ್ಟು ಅಗಲವೆಂದರೆ, ತಮ್ಮ ಪೇಟಿಯನ್ನು ಅದರೊಳಗೇ ಮಲಗಿಸಬಹುದು ಎಂದು ಇಸ್ಮಾಯಿಲಸಾಬರು ನಕ್ಕರು. ಮುಖಕ್ಕೆ ಕರಿ ವಸ್ತ್ರ, ಕಣ್ಣೆರಡು ಬಿಟ್ಟು ಏನೂ ಕಾಣದು. ಬೀಸಣಿಕೆ ಮಾರುವುದು ಬರೀ ಮಾತಿನಲ್ಲಿ, ಸ್ಟೇಜಿನ ಮೇಲೆ ಮೊದಲಿನಿಂದ ಕೊನೆಯ ತನಕ ಹಾಗೆಯೇ.

ಊರಿನ ಹೆಸರು ಐರಣಿ ಎಂದ ಕೂಡಲೇ ನಾನು ಒಲ್ಲೆ ಎನ್ನಬೇಕಿತ್ತು. ಆದರೆ ಮುಖ ಮುಚ್ಚಿದ ಪಾರ್ಟು. ನನ್ನನ್ನು ಯಾರೂ ನೋಡುವುದಿಲ್ಲ, ನಾನು ಮಾತ್ರ ನಿನ್ನನ್ನು ನೋಡಬಹುದು. ಆ ಆಸೆಗೆ ಬಿದ್ದೆ.

ನೋಡಿದೆ ಕೂಡ. ಹೆಂಗಸರ ಕಡೆ ಮುಂದಿನ ಚಾಪೆಯಲ್ಲಿ ನಿನ್ನ ಅತ್ತೆ ಪ್ರೇಮವ್ವನವರ ಪಕ್ಕಕ್ಕೆ ಕೂತಿದ್ದೆ. ಮೈ ತುಂಬಿಕೊಂಡಿದ್ದೀ. ನಾನು ಮೊದಲ ಮಾತು ಆಡಿದ ಕೂಡಲೇ ತಲೆ ತಗ್ಗಿಸಿದವಳು ಮತ್ತೆ ಎತ್ತಲೇ ಇಲ್ಲ. ದನಿ ಗುರುತು ಹತ್ತಿತೆಂದು ನನಗೆ ಆಗಲೇ ಗೊತ್ತಾಯಿತು. ಗುರುತು ಹತ್ತಿತಲ್ಲ ಎಂದು ಖುಷಿಯೂ ಆಯಿತು, ತಲೆ ಎತ್ತಲೊಲ್ಲಳಲ್ಲ ಎಂದು ಸಂಕಟವೂ ಆಯಿತು.

ಎರಡನೆಯ ಅಂಕದಲ್ಲಿ ಒಡತಿ ತನ್ನವರನ್ನು ಸಾಲಾಗಿ ನಿಲ್ಲಿಸಿ ಸಂಘದ ನಿಯಮ ಹೇಳುತ್ತಾಳೆ. ಇಲ್ಲಿಗೆ ಬಂದವಳಿಗೆ ತಾಯಿಯಿಲ್ಲ, ಮಗಳಿಲ್ಲ. ಹೆತ್ತವಳು ದಾರಿಯಲ್ಲಿ ಎದುರಾದರೂ ಕಣ್ಣು ಒದ್ದೆಯಾಗಕೂಡದು, ಒದ್ದೆಯಾದರೆ ಆ ತಲೆ ನನ್ನದು. ಅವರಲ್ಲೊಬ್ಬ ಹುಡುಗಿ ಕದ್ದು ತನ್ನ ತಾಯಿಯನ್ನು ನೋಡಿ ಬಂದಿರುತ್ತಾಳೆ. ಅದು ಬ್ಯಾಡಗಿಯ ಹುಡುಗಿಯ ಪಾರ್ಟು. ಹಗಲು ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ ಪಾಪ, ಎರಡು ಮಾತಿಗೊಮ್ಮೆ ಕೆಮ್ಮು. ಅವಳು ನನ್ನ ಕಾಲ ಬಳಿ ಕುತ್ತಿಗೆ ಬಗ್ಗಿಸಿ ಕೂತಿದ್ದಾಳೆ, ನಾನು ಖಡ್ಗ ಎತ್ತಿ ಇವಳ ತಲೆ ತೆಗೆಯಿರಿ ಎನ್ನಬೇಕು. ಅಷ್ಟರಲ್ಲಿ ಮೈಕಿನವನು ನಾಟಕ ನಿಲ್ಲಿಸಿದ.

ಆಯೇರಿಯ ಪದ್ಧತಿ ನಿನಗೆ ಗೊತ್ತೇ ಇದೆ. ಯಾರಿಗಾದರೂ ಪಾರ್ಟು ಮೆಚ್ಚಿಗೆಯಾದರೆ, ಸ್ಟೇಜಿನ ಮೇಲೆ ಹೆಣ ಬಿದ್ದಿರಲಿ ಮದುವೆ ನಡೆದಿರಲಿ, ಎಲ್ಲ ನಿಲ್ಲಿಸಿ ಸೀರೆಯನ್ನೋ ಟವೆಲ್ಲನ್ನೋ ಕೊಡುವುದು. “ಪ್ರಭುಲಿಂಗಪ್ಪನವರ ಮನಿತನದಿಂದ ಕುಮಾರಿ ಶ್ರೀದೇವಿಯವರಿಗೆ ಉಡಿ ತುಂಬತಾರ್ರಿ, ಅವರ ಸೊಸಿ ಸ್ಟೇಜಿಗೆ ಬರಬೇಕು” ಎಂದು ಮೈಕಿನಲ್ಲಿ ಕೂಗಿದಾಗ, ನಿನ್ನ ಮಾವನವರ ಹೆಸರು ಕೇಳಿ ನಾನು ಖಡ್ಗ ಇಳಿಸಿದೆ. ಪ್ರೇಮವ್ವನವರಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾರರು. ನೀನು ತಟ್ಟೆ ಹಿಡಿದು ಒಬ್ಬಳೇ ಬಂದೆ.

ಉಡಿ ತುಂಬಿಸಿಕೊಳ್ಳಲು ಸೆರಗು ಬೇಕು. ಆ ಜಪಾನದ ಅಂಗಿಗೆ ಸೆರಗು ಎಲ್ಲಿಂದ ತರಲಿ? ಊರೆಲ್ಲ ನೋಡುತ್ತಿದೆ, ಮೈಕಿನವನು ಲಗೂ ಮಾಡ್ರಿ ಎನ್ನುತ್ತಿದ್ದಾನೆ. ಬಿಚ್ಚಲು ಬರುವ ಬಟ್ಟೆ ಮೈಮೇಲೆ ಅದೊಂದೇ ಇತ್ತು. ಅದಕ್ಕೇ ಮುಸುಕು ಬಿಚ್ಚಿ ಎರಡೂ ಕೈಯಲ್ಲಿ ಉಡಿಯಾಗಿ ಹಿಡಿದೆ. ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ.

ನೀನು ನನ್ನ ಹಣೆಗೆ ಕುಂಕುಮ ಹಚ್ಚುವಾಗ ಅರ್ಧ ಮೂಗಿನ ಮೇಲೆ ಉದುರಿತು. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಕುಬಸದ ಖಣ, ಒಂದೊಂದಾಗಿ ಹಾಕಿದೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಉಡಿ ತುಂಬಬೇಕು. ನನ್ನಿಂದ ಅದಾಗಲಿಲ್ಲ, ನೀನೇ ನನಗೆ ತುಂಬಿದೆ. ಆಮೇಲೆ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದೆ. ಜನ ಚಪ್ಪಾಳೆ ತಟ್ಟಿದರು. ನಮಸ್ಕಾರ ಮಾಡಿದ್ದು ಕಲಾವಿದೆಗೋ ನನಗೋ ಎಂದು ಕೇಳುವುದಿಲ್ಲ. ನನಗೇ ಎಂದುಕೊಂಡಿದ್ದೇನೆ.

ನೀನು ಇಳಿದು ಹೋದ ಮೇಲೆ ನಾಟಕ ಮತ್ತೆ ಶುರುವಾಯಿತು. ಆ ಹುಡುಗಿ ಇನ್ನೂ ಕುತ್ತಿಗೆ ಬಗ್ಗಿಸಿಕೊಂಡೇ ಇದ್ದಳು. ಖಡ್ಗ ಎತ್ತಿದೆ, ಪಾರ್ಟಿನ ಮಾತು ಬಾಯಿಗೆ ಬರಲಿಲ್ಲ. ಬಂದದ್ದು ಬೇರೆಯೇ. “ಏಳು ನನ್ನವ್ವಾ, ನಿಮ್ಮವ್ವನ ಕಡೆ ಹೋಗು” ಎಂದುಬಿಟ್ಟೆ. ಮಾಸ್ತರರು ಪರದೆಯ ಹಿಂದೆ ತಲೆ ಬಡಿದುಕೊಂಡು “ಕೊಲ್ರಿ, ಆಕೀನ ಕೊಲ್ರಿ!” ಎಂದು ಒದರುವುದು ಮುಂದೆ ಕೂತವರಿಗೂ ಕೇಳಿಸಿತಂತೆ. ಅವರ ಸಂಕಟವೂ ಸುಳ್ಳಲ್ಲ, ಮೂರನೆಯ ಅಂಕದಲ್ಲಿ ಅವಳು ದೆವ್ವವಾಗಿ ಬಂದು ಹಾಡಬೇಕು. ಹಾಡು ಹೋಯಿತಲ್ಲ ಎಂದು ಹುಡುಗಿ ಅಳಲು ಕೂತಳು. ಕೊನೆಗೆ ಸಾಯದೆಯೇ ದೆವ್ವವಾಗಿ ಬಂದು ಹಾಡಿದಳು, ಐರಣಿಯ ಒಬ್ಬ ಮನುಷ್ಯನೂ ಇದು ಹೇಗೆ ಎಂದು ಕೇಳಲಿಲ್ಲ. ಸತ್ತವಳು ಬದುಕಿರುವುದನ್ನು ನೋಡಿದವರಿಗೆ ಬದುಕಿದವಳು ದೆವ್ವವಾದದ್ದು ದೊಡ್ಡದೇ?

ಇನ್ನು ಮುಂದಿನದನ್ನು ಹೇಳಬಾರದೆಂದಿದ್ದೆ. ಆದರೆ ನೀನು ಅಂಜಿಕೊಂಡು ಊಟ ಬಿಟ್ಟಿದ್ದೀ ಎಂದು ಇಸ್ಮಾಯಿಲಸಾಬರ ತಂಗಿ ಹೇಳಿದಳು, ಅದಕ್ಕೆ ಬರೆಯುತ್ತೇನೆ.

ಬೆಳಗಾದ ಮೇಲೆ ನಾವು ಶಾಲೆಯ ಖೋಲಿಯಲ್ಲಿ ಬಣ್ಣ ತೆಗೆಯುತ್ತಿದ್ದೆವು. ಪ್ರೇಮವ್ವನವರು ರೊಟ್ಟಿ ಬುತ್ತಿ ಹಿಡಿದು ಕುಂಟುತ್ತ ಒಬ್ಬರೇ ಬಂದರು. ನನ್ನ ಎದುರಿಗೆ ಕೂತು, ಎಣ್ಣೆ ಹಚ್ಚಿದ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ನಿನ್ನ ಗದ್ದ ನನ್ನದೇ ಅಲ್ಲವೇ. ಆಮೇಲೆ “ನಿಮಗ ಮಕ್ಕಳೆಷ್ಟರಿ?” ಎಂದು ಕೇಳಿದರು.

ನಾನು “ಯಾರೂ ಇಲ್ರಿ” ಎಂದೆ.

ದ್ರಾಕ್ಷಾಯಿಣಿ, ಈ ತನಕ ನಾನು ಸತ್ತೆನೆಂದು ಹೇಳಿದವರು ಬೇರೆಯವರು. ಅವತ್ತು ನೀನೇ ಇಲ್ಲವೆಂದು ನನ್ನ ಬಾಯಿಂದ ಹೇಳಿದೆ. ರಾತ್ರಿ ಆ ಹುಡುಗಿಯ ತಲೆ ತೆಗೆಯಲಾರದವಳು ಬೆಳಿಗ್ಗೆ ಇಷ್ಟು ಸಲೀಸಾಗಿ ಹೇಳಿಬಿಟ್ಟೆನಲ್ಲ ಎಂದು ಬಸ್ಸಿನಲ್ಲಿ ಹಾವೇರಿ ಬರುವ ತನಕ ಅತ್ತೆ.

ಪ್ರೇಮವ್ವನವರು ಹೂಂ ಎಂದರು. “ನಮ್ಮ ಸೊಸಿಗಿ ಅವ್ವ ಇಲ್ರಿ. ಬಾಣಂತನ ನಾನ ಮಾಡತೇನಿ. ಎಣ್ಣಿ ಹಚ್ಚಿ ಎರಿಯಾಕ ನನ್ನ ಕೈ ಇನ್ನೂ ಗಟ್ಟಿ ಅದಾವು. ಯಾರೂ ಕಾಳಜಿ ಮಾಡೂದು ಬ್ಯಾಡ” ಎಂದರು. ಎದ್ದು ಬಾಗಿಲ ತನಕ ಹೋದವರು ತಿರುಗಿ, “ಬರೂ ವರ್ಷ ನಾಟಕಕ್ಕ ಬ್ಯಾರೆಯವರನ್ನ ಕರಸ್ತಾರ್ರಿ” ಎಂದು ಮೆಲ್ಲಗೆ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬುತ್ತಿಯಲ್ಲಿ ಶೇಂಗಾ ಚಟ್ನಿ ಬೇರೆ ಕಟ್ಟಿದ್ದರು.

ಅವರಿಗೆ ಎಲ್ಲ ತಿಳಿದಿದೆ. ನಿನ್ನನ್ನು ಬಿಡುವವರಲ್ಲ, ನನ್ನನ್ನು ಕರೆಯುವವರೂ ಅಲ್ಲ. ಅವರು ಬಾಯಿ ಬಿಡುವುದಿಲ್ಲ, ನೀನೂ ಬಿಡಬೇಡ. ನಿನ್ನ ಬಾಳಿಗೆ ಏನೂ ಆಗುವುದಿಲ್ಲ. ಹೊಟ್ಟೆ ತುಂಬ ಉಣ್ಣು. ಕೂಸು ಹುಟ್ಟಿದಾಗ ಬಳೆಗಾರ್ತಿಯ ಕೈಲಿ ಒಂದು ಮಾತು ಹೇಳಿಕಳಿಸು, ಹೆಣ್ಣೋ ಗಂಡೋ ಅಷ್ಟೇ. ನಾನು ಆ ಕಡೆಗೆ ಬರುವುದಿಲ್ಲ. ನೀನು ಕೊಟ್ಟ ಉಡಿಯಕ್ಕಿಯಲ್ಲಿ ಬೆಲ್ಲ ಹಾಕಿ ಹುಗ್ಗಿ ಮಾಡಿ ಉಂಡೆ. ಜೊತೆಗೆ ಯಾರಾದರೂ ಇರಬೇಕಿತ್ತು ಅನಿಸಿತು. ಕೊಬ್ಬರಿ ಬಟ್ಟಲು ಮಾತ್ರ ಒಡೆದಿಲ್ಲ.

ಓದಿದ ಮೇಲೆ ಇದನ್ನು ನೀರೊಲೆಗೆ ಹಾಕು.

ನಿನ್ನ ಹಡೆದವ್ವ,
ಮುತ್ತವ್ವ

ತಾ.ಕ.: ಉಡಿ ಹಿಡಿಯಲು ಬೇರೆ ಬಟ್ಟೆ ಇರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಆ ಅಂಗಿಯ ಒಂದು ತೋಳು ಚಾಚಿದ್ದರೆ ನಿನ್ನ ತಟ್ಟೆಯೊಳಗಿನದೆಲ್ಲ ಅದರಲ್ಲಿ ಹಿಡಿಯುತ್ತಿತ್ತು. ನೀನು ಮೆಟ್ಟಿಲು ಹತ್ತಿ ಬರುವಾಗಲೇ ನನಗದು ಹೊಳೆದಿತ್ತು. ಸತ್ತವಳೆಂದು ಹೇಳಿ ಹೇಳಿ ನನ್ನ ಮುಖ ನಿನಗೆ ಮರೆತಿರಬಹುದೆಂದು ಹೆದರಿದ್ದೆ.